ಅಪ್ಪಾ ಪೇಂಟರನ ಎಡಗೈ

ಅಂಧೇರಿಯ ಸ್ಟುಡಿಯೋಗಳಲ್ಲಿ ಶಿವಪುತ್ರಪ್ಪ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಪ್ಪಾ ಪೇಂಟರ್ ಎಂದರೆ ಗೇಟಿನ ವಾಚ್‌ಮನ್ ಕೂಡ ಎದ್ದು ಬಂದು ದಾರಿ ತೋರಿಸುತ್ತಿದ್ದ. ಅಷ್ಟುದ್ದದ ಹೆಸರನ್ನು ಪೂರ್ತಿ ಹೇಳುವ ಪುರುಸೊತ್ತು ಮುಂಬಯಿಯಲ್ಲಿ ಯಾರಿಗಿದೆ? ಸಿಕ್ಕಿದ ತುದಿ ಹಿಡಿದು ಎಳೆದರು, 'ಅಪ್ಪಾ' ಕೈಗೆ ಬಂತು, ಅದೇ ನಿಂತಿತು. ಅವನು ಇಪ್ಪತ್ತೈದರ ತರುಣನಾಗಿದ್ದಾಗಲೇ ಅರವತ್ತು ದಾಟಿದ ಎಡಿಟರುಗಳು ಅವನನ್ನು ಅಪ್ಪಾ ಎಂದು ಕೂಗುತ್ತಿದ್ದರು. ಮಕ್ಕಳಾಗುವ ಮೊದಲೇ ಇಷ್ಟು ಮಂದಿಗೆ ಅಪ್ಪನಾದವನು ನಮ್ಮ ಬೈಲಹೊಂಗಲದ ಸೀಮೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಅವನ ಕೆಲಸ ಹೆಸರು ಬರೆಯುವುದು. ಸಿನಿಮಾ, ಧಾರಾವಾಹಿ ಶುರುವಾಗುವ ಮೊದಲು ಹೆಸರುಗಳು ಒಂದಾದ ಮೇಲೊಂದು ಬಂದು ಹೋಗುತ್ತವಲ್ಲ, ಜನ ಕುರ್ಚಿ ಹುಡುಕುತ್ತ, ಶೇಂಗಾ ಸುಲಿಯುತ್ತ ಯಾವುವನ್ನು ನೋಡುವುದೇ ಇಲ್ಲವೋ, ಅವು. ಕರಿಯ ಕಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ, ಕೂದಲಿನಷ್ಟು ಸಪೂರ ತುದಿಯ ಬ್ರಷ್ಷಿನಿಂದ, ಹಿಂದಿಯೋ ಮರಾಠಿಯೋ ಗುಜರಾತಿಯೋ, ಯಾವ ಭಾಷೆ ಬೇಕೋ ಆ ಭಾಷೆಯಲ್ಲಿ ಬರೆಯುತ್ತಿದ್ದ. ಆಮೇಲೆ ಕ್ಯಾಮರಾದವರು ಆ ಕಾರ್ಡಿನ ಚಿತ್ರ ತೆಗೆದುಕೊಳ್ಳುತ್ತಿದ್ದರು. ನಾಯಕನ ಹೆಸರು ದಪ್ಪ, ಅಡುಗೆಯವನ ಹೆಸರು ಸಣ್ಣ, ಇಷ್ಟೇ ವ್ಯತ್ಯಾಸ. ಬರೆಯುವ ಕೈ ಮಾತ್ರ ಎರಡಕ್ಕೂ ಅಷ್ಟೇ ಮರ್ಯಾದೆ ಕೊಡುತ್ತಿತ್ತು.

ಈ ವಿದ್ಯೆಯನ್ನು ಅವನಿಗೆ ಕಲಿಸಿದವರು ಮೋನಪ್ಪ. ಉಡುಪಿಯ ಕಡೆಯವರು, ದಾದರಿನಲ್ಲಿ ನಾಮಫಲಕ, ಗಾಡಿಯ ನಂಬರು ಬರೆಯುವ ಪುಟ್ಟ ಅಂಗಡಿ ಇಟ್ಟಿದ್ದವರು. ಊರು ಬಿಟ್ಟು ಬಂದ ಇಪ್ಪತ್ತರ ಶಿವಪುತ್ರಪ್ಪನನ್ನು ಅವರು ಮೂರು ತಿಂಗಳು ಬರೀ ಸೊನ್ನೆ ಬರೆಯಲು ಕೂರಿಸಿದರು. ಅವನು ಮಣಿಕಟ್ಟು ತಿರುಚಿ ತಿರುಚಿ ಸೊನ್ನೆಯನ್ನು ಮೊಟ್ಟೆಯಾಗಿಸಿದಾಗಲೆಲ್ಲ ಅವರ ಒಂದೇ ಮಾತು: "ಕೈ ಬಗ್ಗಿಸಬೇಡ ಮಾರಾಯ, ಹಲಗೆ ತಿರುಗಿಸು." ಬಲಗೈ ಒಂದೇ ದಿಕ್ಕಿನಲ್ಲಿ ಗೆರೆ ಎಳೆಯಬೇಕು, ಎಡಗೈ ಅದರ ಕೆಳಗೆ ಹಲಗೆಯನ್ನು ಮೆಲ್ಲಗೆ ತಿರುಗಿಸುತ್ತಿರಬೇಕು. ಹಾಗಾದಾಗ ಅಕ್ಷರದ ಹೊಟ್ಟೆ ದುಂಡಗಾಗುತ್ತದೆ. ಗೋಡೆಯ ಮೇಲೆ ಬರೆಯುವವರ ಜಾತಿಯೇ ಬೇರೆ, ಹಲಗೆಯ ಮೇಲೆ ಬರೆಯುವವರ ಜಾತಿಯೇ ಬೇರೆ. ಮೋನಪ್ಪನವರ ಪ್ರಕಾರ ಎರಡರ ನಡುವೆ ಹೆಣ್ಣು ಕೊಟ್ಟು ತರುವ ಹಾಗೂ ಇರಲಿಲ್ಲ. ಮೂವತ್ತು ವರ್ಷ ಶಿವಪುತ್ರಪ್ಪನ ಎಡಗೈ ಆ ಮಾತು ಪಾಲಿಸಿತು. ಕಾರ್ಡು ಅವನ ಬೆರಳುಗಳಡಿ ಅಲುಗಿದ್ದು ನೋಡಿದವರಿಗೆ ಕಾಣುತ್ತಲೇ ಇರಲಿಲ್ಲ.

ವಿಕ್ರೋಳಿಯ ಚಾಳಿನಲ್ಲಿ ಒಂದೂವರೆ ಖೋಲಿ, ಹೆಂಡತಿ ಕಸ್ತೂರಿಬಾಯಿ, ಇಚಲಕರಂಜಿಗೆ ಮದುವೆ ಮಾಡಿಕೊಟ್ಟ ಮಗಳು. ಬೆಳಿಗ್ಗೆ ಲೋಕಲ್ ಹಿಡಿದು ದಾದರ್, ಅಲ್ಲಿ ಸೇತುವೆ ಹತ್ತಿಳಿದು ಇನ್ನೊಂದು ಲೋಕಲ್, ಅಂಧೇರಿ. ಮಧ್ಯಾಹ್ನ ರೊಟ್ಟಿ, ಪಲ್ಯ, ಶೇಂಗಾಹಿಂಡಿ. ಇದಕ್ಕಿಂತ ಹೆಚ್ಚಿನದನ್ನು ಅವನು ದೇವರ ಹತ್ತಿರ ಕೇಳಿದ್ದಿಲ್ಲ. ಸಾಯುವ ತನಕ ಅಕ್ಷರ ಬರೆದುಕೊಂಡಿರಬೇಕು ಎಂಬುದೊಂದು ಆಸೆ ಇತ್ತು, ಅದನ್ನೂ ಕೇಳಬೇಕಾಗುತ್ತದೆ ಎಂದು ಅವನಿಗೆ ತೋಚಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತರ ಸಂಕ್ರಾಂತಿ ಕಳೆದ ವಾರ, ಅವನು ಸಂಬಳಕ್ಕಿದ್ದ ಸ್ಟುಡಿಯೋದ ಒಡೆಯ ದಾಮೂಭಾಯಿ ಪರದೇಶದಿಂದ ಒಂದು ಯಂತ್ರ ತರಿಸಿದ. ಟಿವಿಯಂಥ ಒಂದು ಪರದೆ, ಒಂದು ಕಬ್ಬಿಣದ ಪೆಟ್ಟಿಗೆ, ಮತ್ತೆ ದೊಡ್ಡ ಪಾಟಿಯಷ್ಟು ಅಗಲದ ಬೂದು ಬಣ್ಣದ ಒಂದು ನುಣುಪು ಹಲಗೆ. ಹಲಗೆಗೆ ಬಾಲದಂಥ ತಂತಿ ಕಟ್ಟಿದ ಪೆನ್ನು. ಪೆನ್ನಿನಿಂದ ಹಲಗೆಯ ಮೇಲೆ ಗೀಚಿದರೆ ಹಲಗೆಯ ಮೇಲೆ ಏನೂ ಮೂಡುವುದಿಲ್ಲ, ಎದುರಿನ ಪರದೆಯ ಮೇಲೆ ಗೆರೆ ಮೂಡುತ್ತದೆ. ಒತ್ತಿದರೆ ದಪ್ಪ, ಸಡಿಲಿಸಿದರೆ ತೆಳು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ದಾಮೂಭಾಯಿ ಬಂದ ಬಂದವರನ್ನೆಲ್ಲ ಆ ಏಸಿ ಕೋಣೆಗೆ ಕರೆದೊಯ್ದು ಪರದೆಯ ಮೇಲೆ ತನ್ನ ಸಹಿ ಹಾಕಿ ತೋರಿಸಿದ. ಇನ್ನು ಮುಂದೆ ಕಾರ್ಡಿಲ್ಲ, ಬಣ್ಣವಿಲ್ಲ, ಎಲ್ಲ ಟೈಟಲ್ಲುಗಳೂ ಇದರಲ್ಲೇ ಎಂದು ಸಾರಿದ.

ಆದರೆ ಒಂದು ತೊಡಕು ಇತ್ತು. ಯಂತ್ರದ ಹೊಟ್ಟೆಯೊಳಗಿದ್ದದ್ದು ಬರೀ ಇಂಗ್ಲಿಷ್ ಅಕ್ಷರ. ಮರಾಠಿಗೆ ಕೈಯೇ ಗತಿ. ಆಗ ಸ್ಟುಡಿಯೋದಲ್ಲಿ ಒಂದು ಮರಾಠಿ ಧಾರಾವಾಹಿ ನಡೆಯುತ್ತಿತ್ತು. ಹದಿಮೂರು ವಾರಕ್ಕೆಂದು ಶುರುವಾದದ್ದು ಜನ ಮೆಚ್ಚಿ ಇನ್ನೂ ಹದಿಮೂರು ವಾರಕ್ಕೆ ಬೆಳೆದಿತ್ತು. ಮೊದಲ ಹದಿಮೂರಕ್ಕೆ ಹೆಸರು ಬರೆದಿದ್ದವನು ಶಿವಪುತ್ರಪ್ಪನೇ. ಮುಂದಿನದಕ್ಕೆ ಕಲಾವಿದರು ಬದಲಾಗಿದ್ದರಿಂದ ಎಲ್ಲವನ್ನೂ ಹೊಸದಾಗಿ, ಯಂತ್ರದಲ್ಲಿ ಬರೆಯಬೇಕಿತ್ತು. ನಿರ್ಮಾಪಕರದು ಒಂದೇ ಪಟ್ಟು: ಅಕ್ಷರ ಬದಲಾಗಕೂಡದು, ನೋಡುವವರಿಗೆ ಅದೇ ಧಾರಾವಾಹಿ ಅನ್ನಿಸಬೇಕು.

ದಾಮೂಭಾಯಿ ಕೆಟ್ಟವನಲ್ಲ, ವ್ಯಾಪಾರಿ. ಶಿವಪುತ್ರಪ್ಪನಿಗೆ ಚಹಾ ತರಿಸಿ ಕೊಟ್ಟು ವಿಷಯ ಹೇಳಿದ. ಪಾಡ್ವಾ ಹಬ್ಬದ, ಅಂದರೆ ನಮ್ಮ ಯುಗಾದಿಯ, ತನಕ ಸಮಯ. ಅಷ್ಟರೊಳಗೆ ಯಂತ್ರದಿಂದ ಅದೇ ಅಕ್ಷರ ಬಂದರೆ ಏಸಿ ಕೋಣೆಯ ಕುರ್ಚಿ ಅಪ್ಪಾನದು. ಬಾರದಿದ್ದರೆ ಕಲಾಶಾಲೆಯಿಂದ ಯಾರನ್ನಾದರೂ ತಂದು ಕೂರಿಸುವುದು. ಅಪ್ಪಾನನ್ನು ಬಿಡುವ ಮಾತೇ ಇಲ್ಲ, ಸಂಬಳವೂ ಅಷ್ಟೇ. ಕೆಳಗಿನ ಟೇಪ್ ಕೋಣೆಯಲ್ಲಿ ಕ್ಯಾಸೆಟ್ಟಿಗೆ ಚೀಟಿ ಅಂಟಿಸಿಕೊಂಡು ಆರಾಮಾಗಿರಬಹುದು. ಆರಾಮು ಎಂಬ ಆ ಮಾತಿಗೇ ಶಿವಪುತ್ರಪ್ಪ ಹೆದರಿದ್ದು. ಚೀಟಿ ಅಂಟಿಸುವವನನ್ನು ಯಾರಾದರೂ ಪೇಂಟರ್ ಎನ್ನುತ್ತಾರೆಯೇ? ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಪರದೇಶದ ಯಂತ್ರದಿಂದ ತನ್ನ ಕೈ ಹೊರಗೆ ಬಂದೀತೇ, ಅಥವಾ ಯಾರದೂ ಅಲ್ಲದ ಒಂದು ಅಕ್ಷರ ಬಂದು ಕೂತೀತೇ? ಅದನ್ನು ಅವನು ದಾಮೂಭಾಯಿಗೆ ಹೇಳಲಿಲ್ಲ. ಚಹಾ ಮುಗಿಸಿ, ಆಯಿತು ಎಂದ.

ಯಂತ್ರ ಕಲಿಸಲು ಇದ್ದವಳು ಪಂಕಜಾ. ಇಪ್ಪತ್ನಾಲ್ಕರ ಹುಡುಗಿ, ಮಾಟುಂಗಾದಲ್ಲಿ ಹುಟ್ಟಿ ಬೆಳೆದವಳು, ತಂದೆತಾಯಿ ಮೈಸೂರಿನವರು. ಅವಳ ಕನ್ನಡ ಮನೆಯೊಳಗೆ ಕಲಿತದ್ದು, ಹೊರಗೆ ಬಂದಾಗ ಎಡವುತ್ತಿತ್ತು. ಎಲ್ಲರ ಹಾಗೆ ಅವಳಿಗೆ ಅವನನ್ನು ಅಪ್ಪಾ ಎನ್ನಲು ಬಾಯಿ ಬರಲಿಲ್ಲ, ಮನೆಯಲ್ಲಿ ನಿಜವಾದ ಅಪ್ಪ ಇದ್ದಾರಲ್ಲ. ಅಂಕಲ್ ಎಂದಳು.

ಮೊದಲ ದಿನ ಶಿವಪುತ್ರಪ್ಪ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಹಲಗೆಗೆ ಕೈಮುಗಿದು ಕುಳಿತ. ಪೆನ್ನು ಎತ್ತಿದ. ಎತ್ತಿದವನೇ ಅದರ ತುದಿಯನ್ನು ತುಟಿಗೆ ಇಟ್ಟುಕೊಂಡ. ಬ್ರಷ್ಷಿನ ತುದಿ ಚೂಪು ಮಾಡಿಕೊಳ್ಳುವುದು ಹಾಗೆಯೇ ತಾನೆ.

"ಅಂಕಲ್, ಅದರೊಳಗೆ ಕರೆಂಟ್ ಇದೆ," ಎಂದಳು ಪಂಕಜಾ.

ಅವನು ಬೆಚ್ಚಿ ಪೆನ್ನು ಕೆಳಗಿಟ್ಟ. "ಹೊಡಿತೈತೇನ ತಂಗಿ?"

"ಇಲ್ಲ ಇಲ್ಲ. ತುಂಬಾ ಕಮ್ಮಿ. ಆದ್ರೂ ಬಾಯಿಗೆ ಬೇಡ."

ಇಬ್ಬರೂ ನಕ್ಕರು. ಆಮೇಲೆ ಅವನು ಒಂದು ಗೆರೆ ಎಳೆದ, ಬಗ್ಗಿ ಹಲಗೆ ನೋಡಿದ. ಏನೂ ಇಲ್ಲ. ಮೂವತ್ತು ವರ್ಷ ಕೈ ಎಲ್ಲಿದೆಯೋ ಕಣ್ಣು ಅಲ್ಲೇ ಇದ್ದು ಬಾಳಿದವನು. ಈಗ ಕೈ ಮೇಜಿನ ಮೇಲೆ, ಅಕ್ಷರ ಗೋಡೆಯ ಕಡೆ. ಪರದೆ ನೋಡಿದರೆ ಕೈ ಕಳೆದುಹೋಗುತ್ತದೆ, ಕೈ ನೋಡಿದರೆ ಅಕ್ಷರ ಕಳೆದುಹೋಗುತ್ತದೆ. ಎರಡೂ ಮನೆಯ ನೆಂಟ ಉಪವಾಸ ಬಿದ್ದ ಎನ್ನುತ್ತಾರಲ್ಲ, ಹಾಗಾಯಿತು ಅವನ ಪಾಡು. ಸಂಜೆಯ ತನಕ ಒಂದು ಸೊನ್ನೆ ಬರೆದ. ಮೋನಪ್ಪನವರು ಬದುಕಿದ್ದರೆ ಕೋಲು ಹುಡುಕುತ್ತಿದ್ದರು.

ಕಣ್ಣನ್ನು ಕೈಯಿಂದ ಬಿಡಿಸಲು ಅವನು ಲೋಕಲ್ಲಿನಲ್ಲೇ ಅಭ್ಯಾಸಕ್ಕೆ ಇಳಿದ. ಎದುರಿಗೆ ಅಂಟಿಸಿದ ಮೂಲವ್ಯಾಧಿಯ ಔಷಧಿಯ ಜಾಹೀರಾತನ್ನು ದಿಟ್ಟಿಸುತ್ತ, ಊಟದ ಡಬ್ಬಿಯ ಮುಚ್ಚಳದ ಮೇಲೆ ಬೆರಳಿನಿಂದ ಅದರ ಅಕ್ಷರಗಳನ್ನು ಬರೆಯುತ್ತ ನಿಲ್ಲುತ್ತಿದ್ದ. ಮೂರನೆಯ ದಿನ ಪಕ್ಕದಲ್ಲಿದ್ದ ಒಬ್ಬ ಸದ್ಗೃಹಸ್ಥರು ಅವನ ಹೆಗಲು ತಟ್ಟಿ, ನಾಚಿಕೆ ಪಡಬೇಡಿ, ಪರೇಲಿನಲ್ಲಿ ಒಳ್ಳೆಯ ವೈದ್ಯರಿದ್ದಾರೆ ಎಂದು ವಿಳಾಸ ಕೊಟ್ಟು ಇಳಿದರು. ಹತ್ತು ದಿನದಲ್ಲಿ ಕಣ್ಣು ಮಾತು ಕೇಳಿತು. ಪರದೆ ನೋಡಿಕೊಂಡು ಗೆರೆ ಎಳೆಯುವುದು ಬಂತು.

ಆದರೆ ಗೆರೆ ಬಂದರೂ ಅಕ್ಷರ ಬರಲಿಲ್ಲ. ಮರಾಠಿ ಅಕ್ಷರಗಳಿಗೆ ತಲೆಯ ಮೇಲೊಂದು ಅಡ್ಡಗೆರೆ ಉಂಟು, ಎಲ್ಲ ಅಕ್ಷರಗಳೂ ಅದಕ್ಕೆ ಜೋತು ನಿಲ್ಲಬೇಕು. ಶಿವಪುತ್ರಪ್ಪ ಬರೆದ ಹೆಸರುಗಳಲ್ಲಿ ಆ ಅಡ್ಡಗೆರೆ ಒಂದು ಕಡೆ ಏರಿತು, ಇನ್ನೊಂದು ಕಡೆ ಇಳಿಯಿತು. ದುಂಡಗಿನ ಹೊಟ್ಟೆ ಬರಬೇಕಾದಲ್ಲಿ ಒತ್ತಿ ಹಿಂಡಿದ ನಿಂಬೆಹಣ್ಣು ಬಂತು. ನಿಧಾನ ಬರೆದರೂ ಅಷ್ಟೇ, ಬೇಗ ಬರೆದರೂ ಅಷ್ಟೇ.

"ತಂಗಿ, ಈ ಯಂತ್ರಕ್ಕ ಏನೋ ಆಗೇತಿ ನೋಡವಾ. ನಾ ಸೀದಾ ಎಳದ್ರ ಅದು ಸೊಟ್ಟ ತಗೊಳ್ಳಾಕತ್ತೈತಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವು ನೀವು ನಗಬಹುದು. ಪಂಕಜಾ ನಗಲಿಲ್ಲ. ತಂತಿ ಬಿಚ್ಚಿ ಹಾಕಿದಳು, ಪೆಟ್ಟಿಗೆ ಆರಿಸಿ ಹೊತ್ತಿಸಿದಳು, ತಾನೇ ಕೂತು ಎಳೆದು ನೋಡಿದಳು. ಅವಳ ಗೆರೆ ನೆಟ್ಟಗೆ ಬಂತು. ಅವನು ಕೂತರೆ ಮತ್ತೆ ಸೊಟ್ಟ. ಕಂಪನಿಯ ಇಂಜಿನಿಯರನ್ನು ಕರೆಸಿದರು, ಅವನೂ ಅರ್ಧ ದಿನ ಪರೀಕ್ಷೆ ಮಾಡಿ ಯಂತ್ರಕ್ಕೆ ಏನೂ ಆಗಿಲ್ಲವೆಂದು ಬರೆದುಕೊಟ್ಟು ಹೋದ. ಶಿವಪುತ್ರಪ್ಪನ ಮುಖ ಸಣ್ಣದಾಯಿತು. ಯಂತ್ರಕ್ಕೆ ಆಗಿಲ್ಲವೆಂದರೆ ಆದದ್ದು ತನಗೇ ಎಂದಾಯಿತಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಅಂದು ಮನೆಗೆ ಹೋಗುವಾಗ ದಾದರಿನ ಸೇತುವೆಯ ಮೇಲೆ ಅವನಿಗೆ ಖಾತ್ರಿಯೇ ಆಗಿಬಿಟ್ಟಿತು.

ಮರುದಿನ ಪಂಕಜಾ ಪರದೆ ನೋಡುವುದು ಬಿಟ್ಟು ಅವನನ್ನೇ ನೋಡುತ್ತ ಕುಳಿತಳು. ಅವನ ಬಲಗೈ ಗೆರೆ ಎಳೆಯುತ್ತಿತ್ತು. ಎಡಗೈ ಮೆತ್ತಗೆ, ಕಳ್ಳಬೆಕ್ಕಿನ ಹಾಗೆ, ಹಲಗೆಯ ಅಂಚು ಹಿಡಿದು ಅದನ್ನು ತಿರುಗಿಸುತ್ತಿತ್ತು. ಗೆರೆ ಮುಗಿದ ಮೇಲೆ ಅಷ್ಟೇ ಮೆತ್ತಗೆ ವಾಪಸು ತಂದಿಡುತ್ತಿತ್ತು.

"ಅಂಕಲ್, ನೀವು ಟ್ಯಾಬ್ಲೆಟ್ ತಿರುಗಿಸ್ತಾ ಇದೀರಿ."

"ನಾ ಎಲ್ಲಿ ತಿರಗಿಸೇನಿ?"

"ಈಗ. ಈಗಲೂ ತಿರುಗಿಸಿದ್ರಿ."

ಅವನು ತನ್ನ ಎಡಗೈಯನ್ನು ನೋಡಿದ. ಅದು ಹಲಗೆಯ ಅಂಚಿನ ಮೇಲೆ ಏನೂ ಗೊತ್ತಿಲ್ಲದ ಹಾಗೆ ಕೂತಿತ್ತು. ಕಾಗದ ತಿರುಗಿದರೆ ಅದರ ಮೇಲಿನ ಅಕ್ಷರವೂ ತಿರುಗುತ್ತದೆ. ಈ ಹಲಗೆ ತಿರುಗಿದರೆ ಪರದೆ ಇದ್ದಲ್ಲೇ ಇರುತ್ತದೆ, ಗೆರೆ ಮಾತ್ರ ದಾರಿ ತಪ್ಪುತ್ತದೆ ಎಂದು ಪಂಕಜಾ ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ತಿಳಿಸಿದಳು. ಅವನಿಗೆ ತಕ್ಷಣ ಅರ್ಥವಾಯಿತು. ಅರ್ಥವಾದದ್ದು ತಲೆಗೆ, ಕೈಗಲ್ಲ. ಐದು ನಿಮಿಷದಲ್ಲಿ ಹಲಗೆ ಮತ್ತೆ ತಿರುಗಿತ್ತು. ಕೊನೆಗೆ ಅವಳು ಅಗಲದ ಟೇಪು ತಂದು ಹಲಗೆಯ ನಾಲ್ಕೂ ಮೂಲೆಗಳನ್ನು ಮೇಜಿಗೆ ಅಂಟಿಸಿದಳು. ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ ಎಂದಳು, ಶಾಲೆಯಲ್ಲಿ ಟೀಚರು ಹೇಳುವಂತೆ.

ಈಗ ಅಡ್ಡಗೆರೆ ನೆಟ್ಟಗಾಯಿತು. ಅಕ್ಷರದ ಜೀವ ಹೋಯಿತು. ಹಲಗೆ ತಿರುಗದಿದ್ದ ಮೇಲೆ ಬಲಗೈ ತಾನೇ ಸುತ್ತು ಹೊಡೆಯಬೇಕು, ಅದಕ್ಕೆ ಅದು ಗೊತ್ತಿಲ್ಲ. ಮಣಿಕಟ್ಟು ಅರ್ಧದಲ್ಲಿ ಸಿಕ್ಕಿಕೊಂಡು ನಿಲ್ಲುತ್ತಿತ್ತು, ಹೊಟ್ಟೆಯಲ್ಲಿ ಒಂದು ಮೂಲೆ ಏಳುತ್ತಿತ್ತು. ಪಂಕಜಾ ಒಂದು ಗುಂಡಿ ಒತ್ತಿದರೆ ತಪ್ಪು ಮಾಯ, ಮತ್ತೆ ಬರೆಯಬಹುದು. ಇದು ಅವನಿಗೆ ಸಮಾಧಾನ ಕೊಡುವ ಬದಲು ಕಸಿವಿಸಿ ಕೊಟ್ಟಿತು. ಕಾರ್ಡಿನ ಮೇಲಿನ ತಪ್ಪನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು, ಕೆರೆಯುವಾಗ ಮನಸ್ಸಿಗೆ ನಾಟುತ್ತದೆ. ಇಲ್ಲಿ ನಲವತ್ತು ಸಲ ತಪ್ಪಿದರೂ ಹಲಗೆ ಗಂಗಾಸ್ನಾನ ಮಾಡಿ ಬಂದವರ ಹಾಗೆ ಕೂತಿರುತ್ತದೆ. ದಾಮೂಭಾಯಿ ಒಮ್ಮೆ ಬಾಗಿಲಿನಿಂದ ಇಣುಕಿ ಹೋದ. ಪಾಡ್ವಾಕ್ಕೆ ಇನ್ನು ಮೂರು ವಾರ ಉಳಿದಿತ್ತು.

ದಾರಿ ಸಿಕ್ಕಿದ್ದು ಊಟದ ಡಬ್ಬಿಯಲ್ಲಿ. ಅಂದು ಪಂಕಜಾ ಡಬ್ಬಿ ತೆರೆದು ಅರ್ಧ ರೊಟ್ಟಿ ಮುರಿದು ಅವನಿಗೆ ಕೊಟ್ಟಳು. ಅಕ್ಕಿರೊಟ್ಟಿ. ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಜೋಳದ ರೊಟ್ಟಿಯ ಸೀಮೆಯವನಿಗೆ ಬೇರೆಯವರ ರೊಟ್ಟಿ ಎಂದರೆ ಸ್ವಲ್ಪ ತಾತ್ಸಾರವೇ.

"ಇದೇನ ತಂಗಿ, ಮ್ಯಾಲ ಬೆರಳಿನ ಗುರ್ತ ಹಂಗ ಕುಂತಾವು. ಬಡಿಯುವಾಗ ರೊಟ್ಟಿ ತಿರಗಲಿಲ್ಲೇನು?"

"ರೊಟ್ಟಿ ಹೇಗೆ ತಿರುಗತ್ತೆ ಅಂಕಲ್? ಅಮ್ಮ ತವಾ ಮೇಲೇನೇ ತಟ್ಟೋದು. ಅದು ಅಂಟ್ಕೊಂಡಿರತ್ತೆ. ಕೈನೇ ರೌಂಡ್ ಹೋಗ್ಬೇಕು."

ಅವನ ಬಾಯಿಗೆ ಹೊರಟಿದ್ದ ತುತ್ತು ಅಲ್ಲೇ ನಿಂತಿತು. ಕಸ್ತೂರಿಬಾಯಿ ರೊಟ್ಟಿ ಬಡಿಯುವುದು ಅವನ ಕಣ್ಣಿಗೆ ಕಟ್ಟಿತು. ಅಂಗೈ ಒಂದೇ ಕಡೆ ಬೀಳುತ್ತಿರುತ್ತದೆ, ಅದರಡಿ ರೊಟ್ಟಿ ತನ್ನಷ್ಟಕ್ಕೆ ತಾನೇ ತಿರುಗಿ ತಿರುಗಿ ದೊಡ್ಡದಾಗುತ್ತದೆ. ಅವನ ಅವ್ವನೂ ಹಾಗೆಯೇ, ಅವಳ ಅವ್ವನೂ ಹಾಗೆಯೇ. ಮೋನಪ್ಪನವರ ಪಾಠ ತನಗೆ ಅಷ್ಟು ಬೇಗ ಹತ್ತಿದ್ದು ಯಾಕೆಂದು ಮೂವತ್ತು ವರ್ಷದ ಮೇಲೆ ಅವನಿಗೆ ಈಗ ತಿಳಿಯಿತು. ಮೈಸೂರಿನ ತಾಯಂದಿರು ಅಂಟಿಕೊಂಡ ರೊಟ್ಟಿಯ ಸುತ್ತ ಕೈಯನ್ನೇ ನಡೆಸಿ ದುಂಡಗೆ ತಟ್ಟುತ್ತಾರೆ. ಹಾಗೆಂದ ಮೇಲೆ ಅಲುಗದ ವಸ್ತುವಿನ ಮೇಲೂ ದುಂಡಗೆ ಮಾಡುವ ವಿದ್ಯೆ ಲೋಕದಲ್ಲಿ ಇದ್ದೇ ಇದೆ. ಅವನು ಅಕ್ಕಿರೊಟ್ಟಿ ಪೂರ್ತಿ ತಿಂದ, ಇನ್ನೊಂದು ಅರ್ಧವನ್ನೂ ಕೇಳಿ ಇಸಿದುಕೊಂಡ, ಅವಳ ಅಮ್ಮನ ಕೈ ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗುತ್ತದೆಂದು ಮೂರು ಸಲ ಕೇಳಿದ. ಅಂದು ಸಂಜೆ ಪಂಕಜಾ ಮನೆಗೆ ಹೋಗಿ ಕೇಳಿಕೊಂಡು ಬಂದು ಮರುದಿನ ಹೇಳಿದಳು: ಬೆರಳು ಬಗ್ಗಿಸಬಾರದಂತೆ, ಭುಜದಿಂದ ಹೋಗಬೇಕಂತೆ, ಮಧ್ಯದಿಂದ ಹೊರಗೆ.

ಆ ಭಾನುವಾರ ವಿಕ್ರೋಳಿಯ ಖೋಲಿಯಲ್ಲಿ ಶಿವಪುತ್ರಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ ನೆಲದ ಮೇಲೆ ತಣ್ಣಗಿನ ತವಾ ಇಟ್ಟುಕೊಂಡು ಕುಳಿತ.

"ಅಕ್ಕಿಹಿಟ್ಟ ಕೊಡು," ಎಂದ ಹೆಂಡತಿಗೆ.

"ಯಾಕ್ರಿ?"

"ರೊಟ್ಟಿ ಬಡೀತೀನಿ."

ಕಸ್ತೂರಿಬಾಯಿ ಒಂದು ಗಳಿಗೆ ಅವನ ಹಣೆಯನ್ನು ನೋಡಿದಳು, ಜ್ವರ ಬಂದಿದೆಯೋ ಎಂಬಂತೆ. ಆಮೇಲೆ ಹೋಗಿ ಮೊದಲು ಬಾಗಿಲು ಮುಂದಕ್ಕೆ ಮಾಡಿ ಬಂದಳು. "ಚಾಳಿನ ಮಂದಿ ನೋಡಿದ್ರ ನಾ ನಿಮಗ ಕೂಳ ಹಾಕೂದಿಲ್ಲಂತ ತಿಳ್ಕೊತಾರ," ಎಂದು ಹಿಟ್ಟು ಕಲಸಿ ಕೊಟ್ಟಳು. ಅವನು ಎಡಗೈಯನ್ನು ತೊಡೆಯಡಿ ಇಟ್ಟುಕೊಂಡು ತಟ್ಟತೊಡಗಿದ. ಮೊದಲನೆಯದು ಗುಜರಾತಿನ ನಕಾಶೆಯಾಯಿತು. ಎರಡನೆಯದು ಹರಿಯಿತು. ಕಸ್ತೂರಿಬಾಯಿ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಳು. ಆರನೆಯದರ ಹೊತ್ತಿಗೆ ಅವಳ ನಗು ನಿಂತು, "ಭುಜಾ ಬಿಗಿ ಹಿಡದೀರಿ, ಸಡ್ಲ ಬಿಡ್ರಿ," ಎಂದಳು. ತಾನು ಎಂದೂ ಮಾಡದ ರೊಟ್ಟಿಯನ್ನು ಗಂಡನಿಗೆ ಕಲಿಸುವ ಉಮೇದು ಅವಳಿಗೂ ಬಂದಿತ್ತು. ಆ ದಿನ ಇಬ್ಬರೂ ಹರಿದ ರೊಟ್ಟಿಗಳನ್ನು ಬೇಯಿಸಿ ಮೊಸರಿನ ಜೊತೆ ತಿಂದರು. ಆಮೇಲೆ ಹತ್ತು ದಿನ, ಕೆಲಸಕ್ಕೆ ಹೊರಡುವ ಮೊದಲು ಅದೇ ಅಭ್ಯಾಸ. ಮೊದಲು ಹಿಟ್ಟು, ಆಮೇಲೆ ಬರೀ ತವಾ, ಆಮೇಲೆ ಗಾಳಿ. ಒಂದು ದಿನ ಎಡಗೈಯನ್ನು ತೊಡೆಯಡಿಯಿಂದ ಬಿಡಿಸಿದ. ಅದು ಬಂದು ತವಾದ ಅಂಚು ಹಿಡಿಯಲಿಲ್ಲ, ಸುಮ್ಮನೆ ಮಡಿಲಲ್ಲಿ ಮಲಗಿತು. ಅವನಿಗೆ ಪಾಪ ಅನ್ನಿಸಿ ಅದನ್ನು ಬಲಗೈಯಿಂದ ಸವರಿದ.

ಸ್ಟುಡಿಯೋದಲ್ಲಿ ಪಂಕಜಾ ಟೇಪು ಕಿತ್ತುಹಾಕಿದಳು. ಪೆನ್ನು ಭುಜದಿಂದ ಹೊರಟು ಹಲಗೆಯ ಮೇಲೆ ಒಂದು ಸುತ್ತು ಬಂತು. ಪರದೆಯ ಮೇಲೆ ಒಂದು ಸೊನ್ನೆ ಬಂದು ಕೂತಿತು, ದುಂಡಗೆ. ಅವನು ಅದನ್ನು ಅಳಿಸಲು ಬಿಡಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಇನ್ನೊಂದು ಬರೆಯುತ್ತ ಹೋದ. ಪರದೆ ತುಂಬ ಸೊನ್ನೆಗಳಾದವು. ಅವನಿಗೆ ಆ ದಿನ ಆದ ಸಂತೋಷ ಅಷ್ಟಿಷ್ಟಲ್ಲ. ಐವತ್ತೊಂದನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಸೊನ್ನೆ ಬರೆಯಲು ಕಲಿಯುವ ಭಾಗ್ಯ ಎಷ್ಟು ಮಂದಿಗೆ ಸಿಗುತ್ತದೆ?

ಪಾಡ್ವಾಕ್ಕೆ ನಾಲ್ಕು ದಿನವಿದ್ದಾಗ ಇಪ್ಪತ್ತೆರಡು ಹೆಸರುಗಳೂ ಮುಗಿದವು. ನಿರ್ಮಾಪಕರು ಬಂದು ಪರದೆಯ ಎದುರು ಕೂತರು, ಪಾನ್ ಜಗಿಯುತ್ತ ನೋಡಿದರು. ದಾಮೂಭಾಯಿ ಉಸಿರು ಬಿಗಿಹಿಡಿದು ನಿಂತಿದ್ದ. ಹೆಸರುಗಳೆಲ್ಲ ಹಾದುಹೋದ ಮೇಲೆ ಅವರು, ತಮ್ಮ ಭಾವಮೈದುನನ ಹೆಸರು ನಾಲ್ಕನೆಯದಾಗಿ ಯಾಕೆ ಬಂತು, ಎರಡನೆಯದಾಗಿ ಬರಬೇಕು ಎಂದರು. ಅಕ್ಷರದ ಮಾತೇ ಎತ್ತಲಿಲ್ಲ. ಯಂತ್ರದಲ್ಲಿ ಬರೆದದ್ದೆಂದು ದಾಮೂಭಾಯಿ ನೆನಪು ಮಾಡಿದಾಗ, ಹೌದೇ, ಒಳ್ಳೆಯದೇ ಎಂದು ವಾಚು ನೋಡಿಕೊಂಡು ಎದ್ದರು. ದಾಮೂಭಾಯಿ ಪೇಡೆ ತರಿಸಿದ. ಏಸಿ ಕೋಣೆಯ ಕುರ್ಚಿ ಅಪ್ಪಾನದಾಯಿತು. ಪಂಕಜಾ ಎರಡು ಪೇಡೆ ತಿಂದಳು.

ಶಿವಪುತ್ರಪ್ಪನೂ ತಿಂದ. ಕುರ್ಚಿ ಸಿಕ್ಕಿತು, ಸರಿ. ಆದರೆ ಭಾವಮೈದುನನ ಹೆಸರೊಂದನ್ನು ಬಿಟ್ಟು ಬೇರೇನೂ ಕಾಣದ ಮನುಷ್ಯನ ಒಪ್ಪಿಗೆಗೆ ಏನು ಬೆಲೆ? ದಾಮೂಭಾಯಿಗೆ ಯಂತ್ರದ ದುಡ್ಡು ವಸೂಲಾದರೆ ಸಾಕು. ಪಂಕಜಾಳಿಗೆ ಅವನ ಮೇಲೆ ಪ್ರೀತಿ, ಅವಳು ಚೆನ್ನಾಗಿದೆ ಎಂದೇ ಹೇಳುತ್ತಾಳೆ. ಅವನು ತಾನೇ ನೋಡಿದರೆ ಒಮ್ಮೆ ತನ್ನದೇ ಅನ್ನಿಸುತ್ತಿತ್ತು, ಇನ್ನೊಮ್ಮೆ ತನ್ನನ್ನು ಅಣಕಿಸುವವರು ಯಾರೋ ಬರೆದಂತೆ ಅನ್ನಿಸುತ್ತಿತ್ತು. ತನ್ನ ಕೈ ಆ ಪೆಟ್ಟಿಗೆಯಿಂದ ಹೊರಗೆ ಬಂದಿದೆಯೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.

ಹೊಸ ಹೆಸರುಗಳು ಯಾವ ವಾರದಿಂದ ಶುರು ಎಂದು ಅವನು ಕಸ್ತೂರಿಬಾಯಿಗೆ ಹೇಳಲಿಲ್ಲ. ಪಾಡ್ವಾ ಕಳೆದ ಮೇಲೆ ಒಂದು ಸಂಜೆ, ಏಳೂವರೆಗೆ, ಎಂದಿನಂತೆ ಧಾರಾವಾಹಿ ಶುರುವಾಯಿತು. ಪಕ್ಕದ ಖೋಲಿಯ ಲಕ್ಷ್ಮವ್ವ, ಅವಳ ಸೊಸೆ, ಇನ್ನಿಬ್ಬರು ಎಂದಿನಂತೆ ಬಂದು ಕುಳಿತರು. ಕಸ್ತೂರಿಬಾಯಿ ಮೆಂತೆಸೊಪ್ಪು ಸೋಸುತ್ತಿದ್ದಳು. ಹೆಸರುಗಳು ಬಂದವು. ಉಳಿದವರೆಲ್ಲ ಕಳೆದ ವಾರದ ಕತೆ ಮಾತಾಡುತ್ತಿದ್ದರು. ಶಿವಪುತ್ರಪ್ಪ ಟಿವಿ ನೋಡಲಿಲ್ಲ, ಹೆಂಡತಿಯ ಮುಖ ನೋಡುತ್ತ ಕುಳಿತ. ಅವಳ ಕೈ ಸೊಪ್ಪಿನ ಮೇಲೆ ನಿಂತಿತ್ತು, ಕಣ್ಣು ಪರದೆಯ ಮೇಲಿತ್ತು. ಕಸ್ತೂರಿಬಾಯಿಗೆ ಓದಲು ಬಾರದು. ಓದಲು ಬರುವವರು ಹೆಸರು ನೋಡುತ್ತಾರೆ, ಅಕ್ಷರ ಅವರಿಗೆ ಕಾಣುವುದಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಅಕ್ಷರವೊಂದೇ. ಹೆಸರುಗಳು ಮುಗಿದು ಕತೆ ಶುರುವಾಯಿತು, ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಅವನು ಅವಳ ಹತ್ತಿರ ಸರಿದು ಸಣ್ಣ ದನಿಯಲ್ಲಿ ಕೇಳಿದ. "ಇವತ್ತ ಬರದದ್ದು ಯಾರದು ಅನಸ್ತು?"

"ಯಾರದು ಅಂದ್ರ? ನಿಮ್ದ."

"ಯಂತ್ರದಾಗ ಬರದದ್ದೈತಿ ಅದು."

"ಯಾವುದರಾಗರ ಬರೀರಿ, ಕೈ ನಿಮ್ದ ಐತೆಲ್ಲಾ," ಎಂದಳು ಅವಳು, ಒಂದು ಹಳದಿ ಎಲೆ ಕಿತ್ತು ಬದಿಗೆ ಹಾಕುತ್ತ. ಆಮೇಲೆ ಸ್ವಲ್ಪ ಯೋಚಿಸಿ ಹೇಳಿದಳು, "ಖರೆ ಮದ್ಲಿನಂಗಿಲ್ಲ. ಮದ್ಲ ಅವಸರದಾಗ ಬರದಂಗ ಕಾಣತಿತ್ತು. ಇವತ್ತಿಂದು ಹೊಟ್ಟಿ ತುಂಬ ಉಂಡು, ಕುಂತು ಬರದಂಗ ಐತಿ."

ಕಣ್ಣು ಮಂಜಾದದ್ದನ್ನು ಯಾರೂ ನೋಡದಿರಲೆಂದು ಶಿವಪುತ್ರಪ್ಪ ಟಿವಿಯ ಕಡೆ ಮುಖ ತಿರುಗಿಸಿದ. ಆಮೇಲೆ ಸೊಪ್ಪಿನ ಮೊರವನ್ನು ತನ್ನ ಕಡೆಗೆ ಎಳೆದುಕೊಂಡು, ಅವಳ ಜೊತೆ ತಾನೂ ಸೋಸುತ್ತ ಕುಳಿತ. ಲಕ್ಷ್ಮವ್ವ ಇಬ್ಬರಿಗೂ ಸುಮ್ಮನಿರಿ, ಕತೆ ಕೇಳಿಸುತ್ತಿಲ್ಲ ಎಂದಳು.